ಅವಳ ಬೆರಳು ಯಾರ ಕಡೆಗೆ

ಬುಟ್ಟಿಗೆ ಚೆಂಡು ಹಾಕಿದವಳು ಪಾಸು ಕೊಟ್ಟವಳ ಕಡೆ ಬೆರಳು ತೋರಿಸಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಬರೆದಿಟ್ಟ ನಿಯಮವೇನಲ್ಲ. ಆದರೂ ತೋರಿಸದವಳನ್ನು ಸೊಕ್ಕಿನವಳು ಅನ್ನುತ್ತಾರೆ. ಮುಂಬಯಿಯ ಕುರ್ಲಾದ ನಮ್ಮ ಕ್ಲಬ್ಬಿನಲ್ಲಿ ಎಷ್ಟೋ ವರ್ಷ ನನ್ನ ಗೆಳತಿಯ ಬೆರಳು ನನ್ನ ಕಡೆಗೇ ಇತ್ತು.

ಚಾಳಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಎರಡೂ ಮನೆಯವರು ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಆಟದಲ್ಲಿ ನಾವು ಕನ್ನಡದಲ್ಲೇ ಕೂಗುತ್ತಿದ್ದೆವು, ಎದುರಿನವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. "ಇತ್ತ ಕೊಡು" ಎಂದು ಅವಳ ದನಿ ಕೇಳಿದರೆ ಸಾಕು, ನಾನು ತಿರುಗಿ ನೋಡದೆ ಆ ಕಡೆ ಎಸೆಯುತ್ತಿದ್ದೆ. ಹೆಸರು ಅವಳಿಗೆ ಬರುತ್ತಿತ್ತು. ಬರಲಿ, ಬೆರಳು ನನಗಿತ್ತಲ್ಲ.

ಮುಂಬಯಿಯಲ್ಲಿ ಇವಳಂಥ ಆಟಗಾರ್ತಿ ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೇಳತೊಡಗಿದ ಹೊತ್ತಿಗೇ ಬೊರಿವಲಿಯ ದೊಡ್ಡ ತಂಡ ಅವಳನ್ನು ಕರೆಯಿತು. ಜೊತೆಗೆ ನೌಕರಿ ಬೇರೆ.

"ಹೋಗ್ಲೇನು?" ಎಂದು ಕೇಳಿದಳು. ಕೇಳುವ ಮೊದಲೇ ಒಪ್ಪಿಕೊಂಡು ಬಂದಿದ್ದಳು.

"ಹೋಗವಾ, ನಿನ್ನ ಕಾಲ ಯಾರ ಕಟ್ಟ್ಯಾರ?" ಎಂದೆ.

ನನ್ನನ್ನು ಯಾರೂ ಕರೆದಿರಲಿಲ್ಲ. ನಾನಿಲ್ಲದೆ ಇವಳಿಗೆ ಚೆಂಡು ಕೊಡುವವರ್ಯಾರು, ಮಣ್ಣು ಮುಕ್ಕಿ ವಾಪಸು ಬರುತ್ತಾಳೆ ಎಂದು ಕಾದೆ. ಬರಲಿಲ್ಲ. ಮೊಬೈಲಿನಲ್ಲಿ ಅವಳ ಆಟಗಳನ್ನೆಲ್ಲ ನೋಡಿದೆ. ಅಲ್ಲಿ ಪಾಸು ಕೊಡುವವಳು ಎತ್ತರಕ್ಕೆ ಜುಟ್ಟು ಕಟ್ಟಿದ ಒಬ್ಬ ಹುಡುಗಿ. ಪ್ರತಿ ಸಲವೂ ಬೆರಳು ಆ ಜುಟ್ಟಿನ ಕಡೆಗೆ. ನನ್ನ ಸಿಟ್ಟಿಗೆ ಮನೆಯ ಪಾತ್ರೆಗಳು ಸದ್ದು ಮಾಡಿದವು.

"ಆಕಿ ಉಂಡ್ರ ನಿನಗ್ಯಾಕ ಹೊಟ್ಟಿನೋವು ಬೇ?" ಎಂದಳು ಅವ್ವ.

ಕೊನೆಗೆ ಒಂದು ಸೆಮಿಫೈನಲ್ಲಿನಲ್ಲಿ ಅವರೂ ನಾವೂ ಎದುರಾದೆವು. ಅವಳನ್ನು ಸೋಲಿಸಬೇಕು, ನಾನಿಲ್ಲದೆ ಅವಳು ಸೋತದ್ದನ್ನು ಊರು ನೋಡಬೇಕು. ನನಗೆ ಬೇರೇನೂ ಬೇಡವಾಗಿತ್ತು. ಮೈಯೆಲ್ಲ ಕಣ್ಣಾಗಿ ಆಡಿದೆ. ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟು ಮುಂದಿದ್ದೆವು, ಚೆಂಡು ನನ್ನ ಕೈಯಲ್ಲಿತ್ತು. ಸುಮ್ಮನೆ ಹಿಡಿದುಕೊಂಡಿದ್ದರೆ ಮುಗಿಯುತ್ತಿತ್ತು.

ಬೆನ್ನ ಹಿಂದೆ, "ಇತ್ತ ಕೊಡು" ಎಂದು ಕೇಳಿಸಿತು.

ಕೊಟ್ಟೆ. ನನ್ನ ಕೈಯನ್ನು ಕತ್ತರಿಸಿ ಹಾಕಬೇಕಿತ್ತು. ಚೆಂಡು ಬುಟ್ಟಿಯೊಳಗೆ ಇಳಿದಾಗ ಆಟ ಮುಗಿದ ಸೀಟಿ ಕೂಗಿತು.

"ಅರೇ, ಉಸ್ಕೋ ದೇ ದಿಯಾ?" ಅವಳಿಗೇ ಕೊಟ್ಟುಬಿಟ್ಟೆಯಾ ಎಂದು ನಮ್ಮ ಕೋಚ್ ತಲೆ ಹಿಡಿದುಕೊಂಡು ಕೂತರು.

ಅವಳು ಬೇಕೆಂದೇ ಕೂಗಿದಳೋ, ಬಾಯಿಗೆ ರೂಢಿಯಾಗಿ ಬಂತೋ, ಇವತ್ತಿಗೂ ನಾನು ಕೇಳಿಲ್ಲ. ಆದರೆ ಚೆಂಡು ಹಾಕಿ ತಿರುಗಿದವಳು ಎಂದಿನಂತೆ ಕೈ ಎತ್ತಿ ನನ್ನ ಕಡೆ ಬೆರಳು ತೋರಿಸಿದಳು. ಆಮೇಲೆ ತನ್ನ ಬೆರಳನ್ನು ತಾನೇ ನೋಡಿ, ಕೈ ಇಳಿಸಿ, ನಕ್ಕಳು.

ನಮ್ಮ ಹುಡುಗಿಯರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಗೆದ್ದ ತಂಡದ ನಡುವೆ ಆ ಜುಟ್ಟಿನವಳೊಬ್ಬಳು ಮಾತ್ರ ಕುಣಿಯದೆ ನಿಂತು, ಬೆರಳು ತೋರಿದ ದಾರಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಕಪ್ಪಿಟ್ಟಿತ್ತು. ನನಗೆ ಹೊಟ್ಟೆ ತುಂಬಿತು.