ಆಣೆ ಆಣೆಯಾಗಿ ಕೂಡಿದ ಕಂಪೈಲರ್

ಅಕ್ಕನನ್ನು ಆಪರೇಷನ್ನಿಗೆ ಕರೆದೊಯ್ದ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ನೋಡಿ ನಕ್ಕಳೋ, ಮುಖ ತಿರುಗಿಸಿದಳೋ, ನನಗೆ ಖಚಿತವಿಲ್ಲ. ಎರಡೂ ನೆನಪಿನಲ್ಲಿವೆ, ಒಂದನ್ನು ನಾನೇ ಆಮೇಲೆ ಕಟ್ಟಿಕೊಂಡಿರಬೇಕು.

ಅಕ್ಕ ಕಡೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಕಾಯಿಲೆಯ ರಜೆಯಲ್ಲಿ, ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದ ಕಂಪ್ಯೂಟರ್ ವಿಜ್ಞಾನವನ್ನು ನನ್ನಿಂದಲೇ ಹೇಳಿಸಿಕೊಂಡು, ಜಮೀನು ಪಾಲು ಮಾಡುವ ಪ್ರೋಗ್ರಾಂ ಬರೆದಳು. ಹಿರೇನಲ್ಲೂರಿನ ನಮ್ಮ ಹೊಲವೇ ಉದಾಹರಣೆ. ಪಾಲುಗಳನ್ನು ಕೂಡಿದರೆ ಇಡೀ ಹೊಲ ಬರಬೇಕು. ಬಾರದಿದ್ದರೆ ಪ್ರೋಗ್ರಾಂ ತಯಾರಾಗಲೇಬಾರದು ಎಂಬುದು ಅವಳ ಹಟ. ಅದಕ್ಕಾಗಿ ಲೆಕ್ಕವನ್ನೆಲ್ಲ, ಯಾವ ಮೌಲ್ಯ ಯಾವ ಬಗೆಯದೆಂದು ಮೊದಲೇ ಸಾರುವ ಟೈಪ್‌ಗಳೊಳಗೆ ಬರೆದಳು. ಆಗ ತಾಳೆ ನೋಡುವ ಕೆಲಸ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್‌ನದು. ಅದು ಒಪ್ಪಿದರೆ ಅವಳ ಲೆಕ್ಕ ಸರಿ.

ಸಂಖ್ಯೆಗಳನ್ನು ಮಾತ್ರ ತರಗತಿಯಲ್ಲಿ ಕಲಿಸುವಂತೆ ಕಟ್ಟಿದ್ದಳು: ಸೊನ್ನೆ, ಅದರ ಮುಂದಿನದು, ಅದರ ಮುಂದಿನದು. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ಹಾಗಾಗಿ ಕಂಪೈಲರ್ ನೆಲದ ಒಂದೊಂದು ಆಣೆಯನ್ನೂ ಬಿಚ್ಚಿ ಕೂಡಬೇಕಿತ್ತು. ಆ ಬೆಳಿಗ್ಗೆ ಲ್ಯಾಪ್‌ಟಾಪ್ ಬಿಸಿಯಾಗಿ ಗೊರಗುಡುತ್ತಿತ್ತು.

"ಇನ್ನೂ ಆಗಿಲ್ವೇನೋ?" ಅಕ್ಕ ಸ್ವೆಟರ್ ಹಾಕಿಕೊಳ್ಳುತ್ತ ಕೇಳಿದಳು.

"ಆಣೆ ಬಿಟ್ಟು ಗುಂಟೆಗೇ ನಿಲ್ಸು ಅಂದ್ರೆ ನೀನು ಕೇಳಲ್ವಲ್ಲಕ್ಕ."

"ಆಣೆ ಬಿಡಿ ಅಂತ ಹೊಲದ ಬದಿನಲ್ಲಿ ನಿಂತು ಹೇಳ್ನೋಡು. ಕುಡುಗೋಲು ತಗಂಡ್ ಬತ್ತಾರೆ."

"ಹಂಗಾದ್ರೆ ಪ್ರೋಗ್ರಾಂ ಭಾಷೆಯಲ್ಲೇ ಇರೋ ಅಂಕಿ ಬಳಸು. ಚಿಟಿಕೆ ಹೊಡೆಯೋದ್ರೊಳಗೆ ಆಗುತ್ತೆ."

"ಅದು ಒಳಗೆ ಹೆಂಗ್ ಕೂಡುತ್ತೋ ನಂಗೊತ್ತಿಲ್ಲ. ಗೊತ್ತಿಲ್ದಿರೋದನ್ನ ನಂಬ್ಕಂಡು ಪ್ರೂಫ್ ಏನ್ ಬರೀಲಿ?" ಆಮೇಲೆ ಮೆಲ್ಲಗೆ ಹೇಳಿದಳು: "ಹೊರಡೋದ್ರೊಳಗೆ ಸರಿನೋ ತಪ್ಪೋ ಅಂತ ಹೇಳ್ಬಿಡ್ಲಿ ಕಣೋ. ಅಷ್ಟು ಗೊತ್ತಾದ್ರೆ ಸಾಕು."

ಈ ಮಾತುಗಳು ಇದೇ ಕ್ರಮದಲ್ಲಿ ನಡೆದವೇ? ಕೊನೆಯ ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಕಾರು ಬಂತು. ಡ್ರೈವರ್ ಹಾರ್ನ್ ಮಾಡಿದ. ಅಷ್ಟರಲ್ಲಿ ಮೆಮೊರಿ ತುಂಬಿ ಪರದೆ ಸ್ತಬ್ಧವಾಯಿತು. ಕೀಲಿ ಒತ್ತಿದರೂ ಅಲುಗಲಿಲ್ಲ. ಅಕ್ಕ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ಕಾದಳು. ನಾನು ಗುಂಡಿ ಅದುಮಿ ಯಂತ್ರ ಆರಿಸಿದೆ. ನಾವಿಬ್ಬರೂ ಕಾರು ಹತ್ತಿದೆವು; ಅದು ತರೀಕೆರೆ ದಾಟಿ ಆಸ್ಪತ್ರೆಯತ್ತ ಓಡಿತು.

ಅವಳು ಆಸ್ಪತ್ರೆಯಿಂದ ಮರಳಲಿಲ್ಲ.

ಬಹಳ ದಿನ ಆ ಲ್ಯಾಪ್‌ಟಾಪ್ ಮುಟ್ಟಲಾಗಲಿಲ್ಲ. ಕಡೆಗೆ ಹೆಚ್ಚು ಮೆಮೊರಿಯ ಯಂತ್ರವೊಂದನ್ನು ಎರವಲು ತಂದು, ಅವಳ ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸದೆ ಕಂಪೈಲ್‌ಗೆ ಕೊಟ್ಟೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಒಂದು ತಪ್ಪೂ ಬರಲಿಲ್ಲ.