ಅವ್ವನ ಪೂಜೆಗೆ ನನ್ನ ಎಡಗೈ

ಅವ್ವನ ಅಂಗೈಯಿಂದ ಲಿಂಗ ಜಾರಿ ಬಿತ್ತು.

ಭಾನುವಾರ ಬೆಳಿಗ್ಗೆ, ಕುರುಗೋಡಿನ ನಮ್ಮ ಮನೆಯಲ್ಲಿ. ದಿನದಂತೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರೆರೆಯುತ್ತಿದ್ದಳು. ಎಡಗೈ ಮೆಲ್ಲಗೆ ವಾಲಿತು. ಲಿಂಗ ಮಡಿಲಿಗೆ ಬಿದ್ದು ನೆಲಕ್ಕುರುಳಿತು.

"ಅಪಚಾರ ಆತಲ್ಲೇ ಗಿರಿಜಾ. ಶಿವಗ ಸಿಟ್ಟು ಬಂದೈತಿ. ಯಾರಿಗೂ ಹೇಳಬ್ಯಾಡ." ಮಾತು ತೊದಲುತ್ತಿತ್ತು. ಬಾಯಿಯ ಒಂದು ಮೂಲೆ ಕೆಳಗೆ ಜಗ್ಗಿತ್ತು.

"ಅಪಚಾರನೂ ಅಲ್ಲ, ಏನೂ ಅಲ್ಲ. ಎರಡೂ ಕೈ ಮ್ಯಾಲೆತ್ತು ನೋಡಾಣ."

ಬಲಗೈ ಎದ್ದಿತು. ಎಡಗೈ ಏಳಲಿಲ್ಲ.

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸ್ಟ್ರೋಕ್ ಅಂದರೆ ಏನೆಂದು ಮಕ್ಕಳಿಗೆ ಪಾಠ ಮಾಡಿದವಳು. ಲಿಂಗ ಎತ್ತಿ ಕರಡಿಗೆಗೆ ಹಾಕಿ, ಅವ್ವನನ್ನು ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ನೇರ ಬಳ್ಳಾರಿಯ ಆಸ್ಪತ್ರೆಗೆ ಒಯ್ದೆ. ಸಿಟಿ ಸ್ಕ್ಯಾನ್ ಆಯಿತು, ಇಂಜೆಕ್ಷನ್ ಆಯಿತು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ಟೈಮಿಗೆ ಕರಕೊಂಡು ಬಂದೀರಿ" ಅಂದರು. ಹೆಮ್ಮೆಪಡುವ ಹೊತ್ತೇ ಅದು? ಆದರೂ ಪಟ್ಟೆ. ಸುಳ್ಳೇಕೆ ಹೇಳಲಿ.

ಜೀವ ಉಳಿಯಿತು. ಎಡಗೈ ಎಡಗಾಲು ಮಾತ್ರ ಬರಲಿಲ್ಲ. ಐಸಿಯುವಿನಿಂದ ವಾರ್ಡಿಗೆ ತಂದ ದಿನ, ನುಂಗಲು ತೊಂದರೆಯಿಲ್ಲ, ಗಂಜಿ ಕೊಡಿ ಎಂದರು.

ಅವ್ವ ಬಾಯಿ ತೆರೆಯಲಿಲ್ಲ.

"ಪೂಜಿ ಆಗಿಲ್ಲ."

ಲಿಂಗಪೂಜೆ ಆಗದೆ ಅವ್ವ ಹನಿ ನೀರನ್ನೂ ಮುಟ್ಟುವವಳಲ್ಲ. ಬಾಣಂತನದಲ್ಲೂ ಬಿಟ್ಟಿರಲಿಲ್ಲವಂತೆ. ಆ ಪೂಜೆಗೆ ಎಡ ಅಂಗೈಯೇ ಪೀಠ, ಅದೇ ಈಗ ಹಾಸಿಗೆಯ ಮೇಲೆ ಯಾರದೋ ಕೈಯಂತೆ ಬಿದ್ದುಕೊಂಡಿತ್ತು. ಟೇಬಲ್ ಮೇಲಿಟ್ಟು ಮಾಡು ಅಂದೆ. ಕಣ್ಣು ಕೆಕ್ಕರಿಸಿದಳು. ನರ್ಸ್ ಪುಸಲಾಯಿಸಿದಳು, ಬೈದಳು, ಮತ್ತೆ ಪುಸಲಾಯಿಸಿದಳು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ನನ್ನನ್ನೇ ಗದರಿದರು. "ನಾಳೆನೂ ಉಣ್ಣಲಿಲ್ಲ ಅಂದ್ರ ಮೂಗಿನಾಗ ಟ್ಯೂಬ್ ಹಾಕಬೇಕಾಗ್ತೈತಿ. ನಿಮ್ಮವ್ವಗ ತಿಳಿಸಿ ಹೇಳ್ರಿ."

ನಾನು ಏನೆಂದು ತಿಳಿಸಿ ಹೇಳಲಿ? ನಾನು ದೇವರನ್ನು ನಂಬುವವಳಲ್ಲ.

ವಿಜ್ಞಾನ ಓದಿ ಕೆಟ್ಟಳು ಎಂದು ನೆಂಟರು ಆಡಿಕೊಳ್ಳುತ್ತಾರೆ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಅಪ್ಪ ಒಂದು ದಿನವೂ ಪೂಜೆ ತಪ್ಪಿಸಿದವನಲ್ಲ. ಹೊಟ್ಟೆಯ ಕ್ಯಾನ್ಸರ್ ಅವನನ್ನು ತಿಂಗಳುಗಟ್ಟಲೆ ಹಿಂಡಿತು. ಸತ್ತ ಮೇಲೆ, ಶಿವನಿಗೆ ಬೇಕಾದವನು, ಕರೆಸಿಕೊಂಡ ಅಂದರು. ಬದುಕಿದ್ದರೆ, ಶಿವನೇ ಕಾಪಾಡಿದ ಅನ್ನುತ್ತಿದ್ದರು. ಏನಾದರೂ ಅವನೇ ಸರಿ ಅನ್ನುವ ಆ ಸಮಜಾಯಿಷಿ ನನಗೆ ಇವತ್ತಿಗೂ ಮೈಯೆಲ್ಲ ಉರಿಸುತ್ತದೆ. ಅಪ್ಪ ಹೋದ ಮೇಲೆ ನನ್ನ ಕೊರಳಿನ ಲಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟೆ. ಅವ್ವ ಅತ್ತಳು, ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಟ್ಯೂಬಿನ ಟ್ರೇ ತಂದಿಟ್ಟರು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇತ್ತ ಬಾ. ಎಡಗೈ ಚಾಚು."

"ಯಾಕ?"

"ನನ್ನ ಕೈ ಬರವಲ್ದು. ನಿನ್ನ ಕೈಯಾಗ ಮಾಡ್ತೀನಿ."

"ಅವ್ವಾ, ನಾ ನಂಬದಾಕಿ. ನಿನ್ನ ಪೂಜಿಗೆ ನಡಿತೈತೇನು?"

"ನಂಬಾಕಿ ನಾ ಅದೀನಲ್ಲ! ನೀ ಬರೇ ಕೈ ಹಿಡಿ. ಅಳ್ಳಾಡಸಬ್ಯಾಡ."

ಮಂಚದ ಪಕ್ಕ ಕೂತು ಕೈ ಚಾಚಿದೆ. ಲಿಂಗ ಅಂಗೈಗೆ ತಣ್ಣಗೆ ತಾಗಿತು. ಅವ್ವ ಬಲಗೈಯಿಂದ ನೀರೆರೆದಳು, ವಿಭೂತಿ ಇಟ್ಟಳು. ಸೊಟ್ಟಗಾದ ತುಟಿಗಳಲ್ಲೇ ಮಂತ್ರ ಅಂದಳು, ಅರ್ಧ ಕೇಳಿಸಲಿಲ್ಲ. ನನ್ನ ರಟ್ಟೆ ಸೇದತೊಡಗಿತು. ನನಗೆ ಯಾವ ಬೆಳಕೂ ಕಾಣಲಿಲ್ಲ, ಯಾವ ಶಾಂತಿಯೂ ಇಳಿಯಲಿಲ್ಲ. ಅವ್ವನ ಮುಖ ಮಾತ್ರ ನೋಡುತ್ತಿದ್ದೆ. ಅರ್ಧ ಮೈ ಬಿದ್ದುಹೋದರೂ ಸೋಲೊಪ್ಪದ ಹೆಂಗಸು! ಇವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೇ ನನ್ನ ಹಟವೂ ಇಷ್ಟು ಗಟ್ಟಿ ಅನ್ನಿಸಿತು. ಕಣ್ಣಲ್ಲಿ ನೀರು ಬಂತು.

ಅವತ್ತು ಒಂದು ಬಟ್ಟಲು ಗಂಜಿ ಪೂರ್ತಿ ಉಂಡಳು. ನರ್ಸ್ ಟ್ರೇ ಎತ್ತಿಕೊಂಡು ಹೋದಳು.

ಈಗ ಮನೆಗೆ ಬಂದಿದ್ದೇವೆ. ಫಿಸಿಯೋದವರು ಬಂದು ಹೋಗುತ್ತಾರೆ. ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟು ಕಾಲು ಬಂದಿದೆ. ಎಡಗೈ ಮೊಣಕೈವರೆಗೆ ಏಳುತ್ತದೆ, ಬೆರಳು ಇನ್ನೂ ಬಿಚ್ಚುವುದಿಲ್ಲ. ಬಿಚ್ಚಬಹುದು, ಬಿಚ್ಚದೆಯೂ ಇರಬಹುದು ಅಂದಿದ್ದಾರೆ ಡಾಕ್ಟರು. ಸಿರುಗುಪ್ಪದ ಬಸ್ಸು ಹಿಡಿಯುವ ಮುಂಚೆ ನನ್ನ ಕೈ ಅವ್ವನ ಪೂಜೆಗೆ.

ಮೊನ್ನೆ ಮೋಕಾ ಊರಿನಿಂದ ಚಿಕ್ಕವ್ವ ಬಂದಿದ್ದಳು, ಅವ್ವನ ತಂಗಿ. ಪೂಜೆ ನಡೆಯುತ್ತಿತ್ತು. ಬಾಗಿಲಲ್ಲೇ ಕೈ ಮುಗಿದು ನಿಂತುಬಿಟ್ಟಳು.

"ಅಂತೂ ದಾರಿಗೆ ಬಂದೆಲ್ಲ! ನಂಬ್ತೀನಿ ಶಿವನೇ ಅಂತ ಒಂದು ಮಾತು ಅಂದುಬಿಡು ಗಿರಿಜಾ. ನಿಮ್ಮವ್ವನ ಕೈ ನಾಳೆಗೇ ಬರ್ತೈತಿ ನೋಡು."

ಅಂದುಬಿಡೋಣ ಅನ್ನಿಸಿತು, ನಿಜ. ಒಂದು ಮಾತಿನಿಂದ ಅವ್ವನಿಗೆ ಸಮಾಧಾನವಾಗುವುದಾದರೆ ನನ್ನ ಗಂಟೇನು ಹೋಗುತ್ತದೆ? ಅವ್ವ ಪೂಜೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಚಿಕ್ಕವ್ವ," ಅಂದೆ. "ಕೈ ಎಷ್ಟು ದಿನ ಬೇಕಾದ್ರೂ ಹಿಡಿತೀನಿ. ನಂಬಿಗಿ ಬಂದಿಲ್ಲ."

"ಅಯ್ಯ ಶಿವನೇ! ಎಂಥಾ ಕಲ್ಲು ಮನಸಲೇ ನಿಂದು? ಹೆತ್ತವ್ವ ಹಿಂಗಾಗಿ ಕುಂತಾಳ..."

"ಆಕೀಗೇನೂ ಅನಬ್ಯಾಡ," ಅಂದಳು ಅವ್ವ. ತೊದಲದೆ ಅಂದಳು. "ಸುಳ್ಳು ಹೇಳಾಕಿ ಕೈಯಾಗ ನನ್ನ ಲಿಂಗ ಇಡ್ತಿದ್ನೇನು ನಾ?"