ಫೋಲ್ಕರ್ ಹೆಸರಿನಲ್ಲಿ ಒಂಬತ್ತು ನಿಮಿಷ

ಬೆಳಗಿನ ಆರೂವರೆ. ಬರ್ಲಿನ್ನಿನ ಡಬ್ಬಿಂಗ್ ಸ್ಟುಡಿಯೋಗೆ ಬಂದ ಎಕಾರ್ಟ್ ಬ್ರೂನಿಂಗ್ ಇನ್ನೂ ಯಾರೊಂದಿಗೂ ಮಾತಾಡಿಲ್ಲ, ಕಾಫಿಯನ್ನೂ ಮುಟ್ಟಿಲ್ಲ. ಗಂಟಲಲ್ಲಿ ನಿದ್ದೆಯ ಗರಗರ ಇರುವಾಗಲೇ ಬೆದರಿಕೆಯ ಮಾತುಗಳನ್ನು ಮುಗಿಸಿಬಿಡಬೇಕು. ಪರದೆಯ ಮೇಲೆ ಅಮೆರಿಕದ ನಟ ತುಟಿ ತೆರೆಯುತ್ತಾನೆ, ಜರ್ಮನ್ ಮಾತು ಇವರ ಬಾಯಿಂದ ಹೊರಡುತ್ತದೆ: "ಮೂರು ಎಣಿಸ್ತೀನಿ. ಬಂದೂಕು ಕೆಳಗಿಡು."

ಇಲ್ಲಿ ಒಬ್ಬ ವಿದೇಶಿ ನಟನಿಗೆ ಜರ್ಮನ್ ದನಿಯಾದವರು ಕೊನೆಯವರೆಗೂ ಅವನಿಗೇ ದನಿ. ಅರವತ್ತೊಂದರ ಎಕಾರ್ಟ್ ಇಪ್ಪತ್ತಾರು ವರ್ಷಗಳಿಂದ ಕಟ್ಟಿಕೊಂಡಿರುವುದು ಓಡುವ, ಗುಂಡು ಹಾರಿಸುವ, ಮತ್ತೆ ಓಡುವ ನಟನನ್ನು. ದಿನಕ್ಕೆ ನೂರೈವತ್ತು ಟೇಕ್, ಅದರಲ್ಲಿ ಅರ್ಧ ಬರೀ ಏದುಸಿರು. ಕಿರುಚಿ ಕಿರುಚಿ ಗಂಟಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ.

ಈ ತಿಂಗಳು ತೆರೆಕಂಡ ಚಿತ್ರದ ಬಗ್ಗೆ ಕೇಳಿದರೆ ನಗುತ್ತಾರೆ. "ನಲವತ್ತು ಸಲ 'ಬಗ್ಗು' ಅಂದಿದೀನಿ. ಯಾರಿಗಂದೆ, ಯಾಕಂದೆ, ಕೇಳ್ಬೇಡಿ. ಕಥೆ ಬರೆದೋನಿಗೂ ಗೊತ್ತಿಲ್ಲ."

ನಾಟಕಶಾಲೆಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಫೋಲ್ಕರ್ ತೀಸ್‌ಗೆ ಸಿಕ್ಕಿದ್ದು ಪ್ರಶಸ್ತಿ ಗೆಲ್ಲುವ ನಟ. ಬೇಕರಿಯಲ್ಲಿ ಫೋಲ್ಕರ್ "ಎರಡು ಬನ್" ಎಂದರೆ ಆ ನಟನ ದನಿ ಗುರುತಿಸಿ ಸಾಲಿನವರೆಲ್ಲ ತಿರುಗಿ ನೋಡುತ್ತಾರೆ. ಅದೇ ಸಾಲಿನಲ್ಲಿ ಹಿಂದೆ ನಿಂತು ಎಕಾರ್ಟ್ ಅದನ್ನು ಕಂಡಿದ್ದಾರೆ. "ಸುಳ್ಯಾಕೆ ಹೇಳ್ಲಿ, ಹೊಟ್ಟೆ ಉರಿಯುತ್ತೆ. ಇಷ್ಟು ವರ್ಷ ಆದ್ರೂ ಆರಿಲ್ಲ."

ಈ ತಿಂಗಳ ಚಿತ್ರದಲ್ಲಿ ಇಬ್ಬರ ನಟರೂ ಇದ್ದಾರೆ. ಫೋಲ್ಕರ್ ಅವರ ನಟ ಒಂಬತ್ತು ನಿಮಿಷ ಬಂದು ಸಾಯುತ್ತಾನೆ. ದನಿ ಕೊಡುವ ವಾರವೇ ಫೋಲ್ಕರ್ ಗಂಟಲು ಕಟ್ಟಿಹೋಯಿತು. ಬಿಡುಗಡೆಯ ದಿನ ಹತ್ತಿರವಿತ್ತು, ಸ್ಟುಡಿಯೋದವರು ಎಕಾರ್ಟ್‌ರನ್ನು ಕೇಳಿದರು. ಇನ್ನೊಬ್ಬರ ನಟನನ್ನು ಮುಟ್ಟುವ ಮುನ್ನ ಫೋನ್ ಮಾಡಿ ಕೇಳುವುದು ಈ ಕಸುಬಿನ ಮರ್ಯಾದೆ. ಎಕಾರ್ಟ್ ಕೇಳಿದರು: "ನಿನ್ನ ನಟನನ್ನ ನಾನು ಆಡ್ಲೇನೋ? ಆಗ್ಲಿ ಅಂದ್ರೆ ಫೋನ್ ಮೇಲೆ ಒಂದ್ಸಲ ತಟ್ಟು." ಆ ಕಡೆಯಿಂದ ಒಂದು ಸಲ ತಟ್ಟಿದ ಸದ್ದು ಕೇಳಿಸಿತು.

ಫೋಲ್ಕರ್ ದನಿಯನ್ನೇ ತಮ್ಮ ಗಂಟಲಿಗೆ ಇಳಿಸಿಕೊಂಡು ಎಕಾರ್ಟ್ ಆಡಿದರು. ಚಿತ್ರದ ಕೊನೆಯ ಹೆಸರಿನ ಪಟ್ಟಿ ಫೋಲ್ಕರ್ ಹೆಸರಿನೊಂದಿಗೆ ಮೊದಲೇ ಸಿದ್ಧವಾಗಿತ್ತು, ಯಾರೂ ಬದಲಿಸಲಿಲ್ಲ.

ಪತ್ರಿಕೆಗಳು ಚಿತ್ರವನ್ನು ಹಿಗ್ಗಾಮುಗ್ಗಾ ಜಾಡಿಸಿವೆ. ತಲೆಬುಡವಿಲ್ಲದ ಕಥೆ, ಜೀವವಿಲ್ಲದ ಪಾತ್ರಗಳು. ಒಂದು ವಿಮರ್ಶೆ ಮಾತ್ರ, ಫೋಲ್ಕರ್ ತೀಸ್ ದನಿಯ ಆ ಒಂಬತ್ತು ನಿಮಿಷಕ್ಕೆ ಟಿಕೆಟ್ ಕೊಳ್ಳಬಹುದು ಎಂದಿದೆ. ಆ ತುಣುಕು ಎಕಾರ್ಟ್ ಜೇಬಿನಲ್ಲಿದೆ. "ಗೆದ್ದೋನೂ ನಾನೇ, ಹೊಟ್ಟೆ ಉರ್ಕೊಳ್ಳೋನೂ ನಾನೇ. ಅದು ನನ್ನ ದನಿ ಅಂತ ಬಾಯಿ ಬಿಟ್ರೆ ಅವನ ನಟನ ಮೇಲೆ ಕಣ್ಣು ಹಾಕಿದಾನೆ ಅಂತಾರೆ. ಇದನ್ನ ಬರೀಬೇಡಿ."

ನಾನು ಬರೆಯುತ್ತಿರಲಿಲ್ಲ. ಆದರೆ ಮಾತು ಮುಗಿಯುವ ಮೊದಲೇ, ನಾವು ಕಾಫಿಗೆ ಕೂತಿದ್ದ ಸ್ಟುಡಿಯೋದ ಕ್ಯಾಂಟೀನಿಗೆ ಫೋಲ್ಕರ್ ಬರುತ್ತಾರೆ. ಕೋಟನ್ನೂ ತೆಗೆಯದೆ ಎಕಾರ್ಟ್ ಎದುರು ನಿಲ್ಲುತ್ತಾರೆ, ದನಿ ಇನ್ನೂ ಒಡಕು.

"ಲೋ ಎಕಾರ್ಟ್, ನಿನ್ನೆ ಚಿತ್ರ ನೋಡ್ದೆ. ಸಾಯೋವಾಗ ಒಂದು ಉಸಿರು ಎಳೀತೀಯಲ್ಲ, ಅದು ನನಗೆ ಬರಲ್ಲ ಕಣೋ. ಹೊಟ್ಟೆಕಿಚ್ಚಿಗೆ ನಿದ್ದೆನೇ ಬರ್ಲಿಲ್ಲ." ಆಮೇಲೆ ನನ್ನತ್ತ ತಿರುಗುತ್ತಾರೆ. "ಬರ್ಕೊಳ್ಳಿ. ಆ ದನಿ ನಂದಲ್ಲ, ಇವನದು."

ಇಪ್ಪತ್ತಾರು ವರ್ಷ ಏದುಸಿರು ಬಿಟ್ಟ ಎಕಾರ್ಟ್ ಈಗ ಉಸಿರಾಡುವುದನ್ನೇ ಮರೆತಿದ್ದಾರೆ. ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ.

"ಇನ್ನೊಂದು ಟೇಕ್ ಕೊಡು," ಎನ್ನುತ್ತಾರೆ. "ಈ ಸಲ ಸ್ವಲ್ಪ ಜೋರಾಗಿ."